ಓಆರ್‌ಎಸ್ ಪೊಟ್ಟಣ ಒಂದು ಲೋಟ ನೀರಿಗಲ್ಲ: ಸ್ಪಷ್ಟನೆ

ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ, ಅಂದರೆ ಓಆರ್‌ಎಸ್ ಬಗ್ಗೆ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶವೊಂದು ಹೀಗಿದೆ: ‘ಆಶಾ ಕಾರ್ಯಕರ್ತೆ ಕೊಡುವ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿ, ಬೇಗ ಗುಣವಾಗುತ್ತದೆ. ಭೇದಿ ನಿಂತರೆ ಸತುವಿನ (ಜಿಂಕ್) ಮಾತ್ರೆ ಬೇಡ.’ ಎರಡೂ ತಪ್ಪು.

20.5 ಗ್ರಾಂ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು ಬೇಕು. ಗಟ್ಟಿಯಾಗಿ ಕಲಸಿದರೆ ಉಪ್ಪು, ಸಕ್ಕರೆ ಹೆಚ್ಚಾಗಿ ಕರುಳು ಮೈಯೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಭೇದಿ ಜೋರಾಗುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಎಡವಟ್ಟಾಗುವುದು ಅಳತೆಯಲ್ಲೇ: ಚೊಂಬು ಎಷ್ಟು ಹಿಡಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಒಂದು ಲೀಟರ್ ಎಂದು ಬರೆದಿರುವ ನೀರಿನ ಬಾಟಲಿ ಸಾಕು. (200 ಮಿ.ಲೀ. ನೀರಿಗೆಂದೇ ಬರುವ ಚಿಕ್ಕ ಪೊಟ್ಟಣವೂ ಇದೆ, ಗೊಂದಲ ಹುಟ್ಟಿದ್ದು ಅಲ್ಲೇ ಇರಬೇಕು. ಪೊಟ್ಟಣದ ಮೇಲಿನ ಅಳತೆ ಓದಿ.) ನೀರನ್ನು ಮೊದಲೇ ಕುದಿಸಿ ಆರಿಸಿ, ಕಲಸಿದ ಮೇಲೆ ಕುದಿಸಬೇಡಿ. 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.

ಸತುವು 14 ದಿನ, ಭೇದಿ ನಿಂತರೂ. 2ರಿಂದ 6 ತಿಂಗಳಿನ ಮಗುವಿಗೆ ದಿನಕ್ಕೆ 10 ಮಿ.ಗ್ರಾಂ, ಅಂದರೆ ಅರ್ಧ ಮಾತ್ರೆ. ಆಮೇಲೆ ಐದು ವರ್ಷದವರೆಗೆ ದಿನಕ್ಕೆ 20 ಮಿ.ಗ್ರಾಂ, ಅಂದರೆ ಒಂದು ಮಾತ್ರೆ. ಚಮಚ ನೀರಲ್ಲೋ ಎದೆಹಾಲಲ್ಲೋ ಕರಗಿಸಿ.

ಆಶಾ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ. ಮಗುವಿನ ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲು ಆಗದಿದ್ದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ಜೀಪು ಸಿಕ್ಕ ಕೂಡಲೇ ಆಸ್ಪತ್ರೆಗೆ ಹೊರಡಿ, ಮಗು ನುಂಗುವಂತಿದ್ದರೆ ದಾರಿಯುದ್ದಕ್ಕೂ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಲು ನೋಡಿ. ಎಚ್ಚರವೇ ಇಲ್ಲದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.