ಎರಡಿಂಚು ಏರಿಸೋದಾ, ಆರಿಂಚಾ?

ಅಮೆರಿಕದಲ್ಲಿ ಹೊಸ ಪಿಕಪ್ ಟ್ರಕ್ ಕೊಂಡವನು ಮೊದಲ ವಾರದಲ್ಲೇ ಒಂದು ಶಾಸ್ತ್ರ ಮಾಡುತ್ತಾನೆ. ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು, ತಲೆ ಓರೆ ಮಾಡಿ ನೋಡುತ್ತಾನೆ. ಆಮೇಲೆ ಟೇಪು ತಂದು ಮುಂದಿನ ಚಕ್ರದ ಹತ್ತಿರ ಒಂದು ಸಲ, ಹಿಂದಿನ ಚಕ್ರದ ಹತ್ತಿರ ಒಂದು ಸಲ ಅಳೆಯುತ್ತಾನೆ. ಹಿಂಭಾಗ ಎತ್ತರ, ಮೂಗು ಒಂದೆರಡು ಇಂಚು ತಗ್ಗು. ಅಷ್ಟೇ, ಅವತ್ತು ರಾತ್ರಿ ನಿದ್ದೆ ಹಾರಿಹೋಯಿತು. ವರ್ಷಗಟ್ಟಲೆ ಕಂತು ಕಟ್ಟಬೇಕು ಅನ್ನೋದು ಅವನಿಗೆ ಚಿಂತೆಯೇ ಅಲ್ಲ. ಗಾಡಿ ಯಾರಿಗೋ ಬಗ್ಗಿ ನಮಸ್ಕಾರ ಮಾಡ್ತಿರೋ ಥರ ಕಾಣುತ್ತಲ್ಲ, ಅದು ಚಿಂತೆ.

ಕಂಪನಿಯವರು ಹಾಗೆ ಮಾಡಿದ್ದು ಬೇಕಂತಲೇ. ಪಿಕಪ್ ಅಂದರೆ ಸಾಮಾನು ಹೇರುವ ಗಾಡಿ. ಹಿಂದೆ ಭಾರ ಬಿದ್ದರೆ ಪಾಟಾ ಬಾಗುತ್ತದೆ, ಹಿಂಭಾಗ ಇಳಿಯುತ್ತದೆ. ಯಶವಂತಪುರದ ಮಂಡಿಯಿಂದ ಈರುಳ್ಳಿ ಮೂಟೆ ಹೇರಿಕೊಂಡು ಹೊರಟ ಟಾಟಾ ಏಸ್ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಖಾಲಿ ಇದ್ದಾಗ ಹಿಂಭಾಗವನ್ನು ಸ್ವಲ್ಪ ಎತ್ತರ ಇಟ್ಟಿರುತ್ತಾರೆ. ಭಾರ ಬಿದ್ದಾಗ ಗಾಡಿ ಸಮಕ್ಕೆ ಬರಲಿ, ಹೆಡ್‌ಲೈಟು ಆಕಾಶ ನೋಡದೆ ರಸ್ತೆ ನೋಡಲಿ, ಮುಂದಿನ ಚಕ್ರದ ಹಿಡಿತ ತಪ್ಪದಿರಲಿ ಅಂತ. ಇಷ್ಟೆಲ್ಲ ಲೆಕ್ಕ ಹಾಕಿದ ಇಂಜಿನಿಯರು ಒಂದೇ ಒಂದು ವಿಷಯ ಮರೆತ. ಭಾರ ಯಾವತ್ತೂ ಬೀಳೋದೇ ಇಲ್ಲ.

ಇದು ನನ್ನ ಹೊಟ್ಟೆಕಿಚ್ಚಿನ ಮಾತು ಅಂದುಕೊಳ್ಳಬೇಡಿ. ಸ್ಟ್ರಾಟೆಜಿಕ್ ವಿಷನ್ ಅನ್ನೋ ಸಂಸ್ಥೆ ಟ್ರಕ್ ಮಾಲೀಕರನ್ನೇ ಕೇಳಿ ಮಾಡಿದ ಸಮೀಕ್ಷೆ 2019ರಲ್ಲಿ ಸುದ್ದಿಯಾಗಿತ್ತು. ನೂರಕ್ಕೆ 75 ಜನ ಟ್ರೇಲರ್ ಎಳೆಯೋದು ವರ್ಷಕ್ಕೆ ಒಂದು ಸಲ, ಅಥವಾ ಅದೂ ಇಲ್ಲ. ನೂರಕ್ಕೆ 70 ಜನ ಡಾಂಬರು ಬಿಟ್ಟು ಮಣ್ಣಿಗೆ ಇಳಿಯೋದೂ ಅಷ್ಟೇ. ಹಿಂದಿನ ತೊಟ್ಟಿಯಲ್ಲಿ ಸಾಮಾನು ಹೇರೋದು ಕೂಡ ನೂರಕ್ಕೆ 35 ಜನಕ್ಕೆ ವರ್ಷದ ಹಬ್ಬ. ಅಮೆರಿಕದಲ್ಲಿ ದಶಕಗಳಿಂದ ಅತಿ ಹೆಚ್ಚು ಮಾರಾಟವಾಗುವ ಗಾಡಿ ಫೋರ್ಡ್‌ನ ಎಫ್ ಸೀರೀಸ್ ಪಿಕಪ್. ಅಷ್ಟೊಂದು ತೊಟ್ಟಿಗಳು ಊರಿಂದೂರಿಗೆ ಗಾಳಿ ಸಾಗಿಸುತ್ತಿವೆ.

ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ ನಮ್ಮ ಹಾಸನದ ಗೆಳೆಯನೊಬ್ಬ ಇದ್ದಾನೆ. ಕೆಲಸ ಸಾಫ್ಟ್‌ವೇರು, ಅದೂ ಹೆಚ್ಚಾಗಿ ಮನೆಯಿಂದಲೇ. ಅವನೂ ಒಂದು ಎಫ್-150 ತಗೊಂಡ. ಆ ಗಾಡಿ ಇವತ್ತಿನವರೆಗೆ ಹೊತ್ತಿರುವ ಭಾರ ಹೇಳುತ್ತೇನೆ ಕೇಳಿ. ಲ್ಯಾಪ್‌ಟಾಪ್ ಬ್ಯಾಗು, ಮಗನ ಕ್ರಿಕೆಟ್ ಕಿಟ್ಟು, ಪಟೇಲ್ ಬ್ರದರ್ಸ್‌ನಿಂದ ತಂದ ಸೋನಾ ಮಸೂರಿ ಚೀಲ. ಅದೂ ಹಿಂದಿನ ಸೀಟಿನಲ್ಲಿ. ತೊಟ್ಟಿಯಲ್ಲಿ ಇಟ್ಟರೆ ಗೀರು ಬೀಳುತ್ತದಂತೆ. ಗೀರು ಬೀಳದಿರಲಿ ಅಂತ ತೊಟ್ಟಿಗೆ ರಬ್ಬರ್ ಲೇಪ ಬಳಿಸಿದ್ದಾನೆ. ಆ ಲೇಪ ಬಿಸಿಲಿಗೆ ಹಾಳಾಗದಿರಲಿ ಅಂತ ಮೇಲೆ ಮಡಚುವ ಮುಚ್ಚಳ ಹಾಕಿಸಿ ಬೀಗ ಜಡಿದಿದ್ದಾನೆ.

ಈ ಗಾಡಿಯ ಮೂಗು ಏರಿಸಬೇಕು. ಮೂಗನ್ನಷ್ಟೇ ಎರಡಿಂಚು ಏರಿಸಿ ಸಮ ಮಾಡುವ ಲೆವೆಲಿಂಗ್ ಕಿಟ್ ಸಾಕಾ, ಇಲ್ಲಾ ಇಡೀ ಗಾಡಿಯನ್ನೇ ಆರಿಂಚು ಎತ್ತುವ ಸಸ್ಪೆನ್ಷನ್ ಲಿಫ್ಟೇ ಹಾಕಿಸಬೇಕಾ? ಮನೆ ಕೊಳ್ಳುವಾಗ ಒಂದು ವಾರಾಂತ್ಯದಲ್ಲಿ ತೀರ್ಮಾನ ಮಾಡಿದ ಮನುಷ್ಯ ಇದಕ್ಕೆ ಮೂರು ತಿಂಗಳು ವಿಡಿಯೋ ನೋಡಿದ. ಕೊನೆಗೆ ಕಿಟ್ಟೇ ಸಾಕು ಅಂದ.

ಲೆವೆಲಿಂಗ್ ಕಿಟ್ ಅನ್ನೋ ದೊಡ್ಡ ಹೆಸರಿನ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಲೋಹದ ಬಿಲ್ಲೆ. ಒಂದೊಂದರ ತಲೆಯ ಮೇಲೆ ಮೂರು ಬೋಲ್ಟು. ಮುಂದಿನ ಸ್ಟ್ರಟ್, ಅಂದರೆ ಸ್ಪ್ರಿಂಗು ಸುತ್ತಿದ ಶಾಕ್ ಅಬ್ಸಾರ್ಬರ್ ಬಿಚ್ಚಿ, ಅದರ ನೆತ್ತಿಯ ಮೇಲೆ ಇದನ್ನು ಕೂರಿಸಿ, ಮತ್ತೆ ಬಿಗಿಯುತ್ತಾರೆ. ಎರಡಿಂಚು ಏರಿಸುವ ಬಿಲ್ಲೆ ಎರಡಿಂಚು ದಪ್ಪ ಇರೋದಿಲ್ಲ, ಕಡಿಮೆಯೇ ಇರುತ್ತದೆ. ಸ್ಟ್ರಟ್ ಇರೋದು ಚಕ್ರವನ್ನು ಚಾಸಿಗೆ ಸೇರಿಸುವ ತೋಳಿನ ನಡುವೆ, ಚಕ್ರ ಇರೋದು ತೋಳಿನ ತುದಿಯಲ್ಲಿ, ಹಾಗಾಗಿ ಇಲ್ಲಿ ಒಂದಿಂಚು ಚಿಲ್ಲರೆ ತಳ್ಳಿದರೆ ಅಲ್ಲಿ ಎರಡಿಂಚು ಸಿಗುತ್ತದೆ. ಈ ಇಡೀ ಕಥೆಯಲ್ಲಿ ಕೊಟ್ಟ ಕಾಸಿಗಿಂತ ಜಾಸ್ತಿ ಸಿಗುವ ಜಾಗ ಇದೊಂದೇ. ಬಿಲ್ಲೆಗೆ ನೂರಿನ್ನೂರು ಡಾಲರು, ಕೂಲಿ ಅದಕ್ಕಿಂತ ಜಾಸ್ತಿ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೂಗು ಏರಿದ ಮೇಲೆ ಅಲೈನ್‌ಮೆಂಟ್ ತಪ್ಪಿತು, ಅದನ್ನು ಸರಿ ಮಾಡಿಸಬೇಕು. ಮೇಲಿನ ತೋಳು ಓರೆಯಾಗಿ ಅದರ ತುದಿಯ ಕೀಲಿಗೆ, ಬಾಲ್ ಜಾಯಿಂಟಿಗೆ, ಕಷ್ಟ, ಹಾಗಾಗಿ ಬೇರೆ ತೋಳು ಹಾಕಿಸಿದರೆ ಒಳ್ಳೇದು ಅಂತ ಅಂಗಡಿಯವ ಹೇಳಿದ. ಚಕ್ರ ತಿರುಗಿಸುವ ಆಕ್ಸಲ್ಲಿನ ಕೀಲು, ಸಿವಿ ಜಾಯಿಂಟು, ಓರೆಯಲ್ಲೇ ತಿರುಗಿ ಬೇಗ ಸವೆಯುತ್ತದೆ ಅಂತಲೂ ಹೇಳಿದ, ಅದಕ್ಕೂ ಅವನ ಹತ್ತಿರ ಮದ್ದಿದೆ. ಗಾಡಿ ಏರಿದ್ದೇ ತಡ, ಮೊದಲು ದಪ್ಪಗಿದ್ದ ಟೈರು ಈಗ ಬಡಕಲಾಗಿ ಕಂಡಿತು. ಸರಿ, 35 ಇಂಚಿನ ಟೈರು. ಅದು ತಿರುವಿನಲ್ಲಿ ಪ್ಲಾಸ್ಟಿಕ್ಕಿಗೆ ಉಜ್ಜಿತು. ಪ್ಲಾಸ್ಟಿಕ್ ಕತ್ತರಿಸಿದರು. ಸ್ಟೆಪ್ನಿ ಮಾತ್ರ ಹಳೇ ಅಳತೆಯದ್ದೇ ಉಳಿಯಿತು. ದೊಡ್ಡ ಟೈರು ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದಲ್ಲ, ಆದರೆ ಸ್ಪೀಡೋಮೀಟರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಗಂಟೆಗೆ 65 ಮೈಲಿ ತೋರಿಸುವಾಗ ಗಾಡಿ 70ರ ಮೇಲೆ ಓಡುತ್ತಿತ್ತು. ಈ ಗಣಿತವನ್ನು ಕೊನೆಗೆ ಒಬ್ಬ ಪೊಲೀಸಪ್ಪ ರಸ್ತೆ ಬದಿಯಲ್ಲಿ ನಿಲ್ಲಿಸಿ ಹೇಳಿಕೊಟ್ಟ. ಪೆಟ್ರೋಲು ಎಷ್ಟು ಕುಡಿಯುತ್ತೆ ಅಂತ ಕೇಳಿದರೆ ಗೆಳೆಯ ಹವಾಮಾನದ ವಿಷಯ ತೆಗೆಯುತ್ತಾನೆ.

ಇದು ಎರಡಿಂಚಿನ ಪಾಡು. ಆರಿಂಚು ಬೇಕು ಅಂದರೆ ಎರಡು ಚಕ್ರಕ್ಕೂ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ಲನ್ನೇ ಕೆಳಗಿಳಿಸಬೇಕು, ಚಕ್ರ ಹಿಡಿದಿರುವ ನಕಲ್ ಬದಲಾಯಿಸಬೇಕು, ಖರ್ಚು ಸಾವಿರಗಳಲ್ಲಿ. ಅಷ್ಟು ಏರಿಸಿದ ಗಾಡಿ ಮನೆಯ ಗ್ಯಾರೇಜಿಗೆ ಹೋಗೋದೂ ಕಷ್ಟ. ಇಲ್ಲಿ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ ಏಳಡಿ. ನೆರೆಯ ಬೀದಿಯವನೊಬ್ಬ ಆರಿಂಚು ಏರಿಸಿ, ಈಗ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಮೆಷೀನನ್ನು ಮರ್ಯಾದೆಯಿಂದ ಇಟ್ಟುಕೊಂಡು ಟ್ರಕ್ಕನ್ನು ಆಲಿಕಲ್ಲು ಮಳೆಗೆ ಬಿಟ್ಟಿದ್ದಾನೆ.

ಗೆಳೆಯನ ಅಮ್ಮ ಹಾಸನದಿಂದ ಬಂದಿದ್ದರು. ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಗ ಟ್ರಕ್ಕಿನ ಬಾಗಿಲು ತೆಗೆದ. ಅಮ್ಮ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಇಟ್ಟು ಸೀಟನ್ನು ನೋಡಿದರು. "ಏನೋ ಇದು, ಗಾಡಿನೋ ಅಟ್ಟನೋ?" ಅಂದರು. ಸೊಸೆ ಒಳಗೆ ಓಡಿ ಬಚ್ಚಲುಮನೆಯ ಪ್ಲಾಸ್ಟಿಕ್ ಸ್ಟೂಲು ತಂದಳು. ಆ ಸ್ಟೂಲು ಕೂಡ ದೇವಸ್ಥಾನಕ್ಕೆ ಬಂತು, ಇಳಿಯುವಾಗ ಬೇಕಲ್ಲ. ಮರುದಿನವೇ ಗೆಳೆಯ ಬಾಗಿಲು ತೆಗೆದರೆ ತಾನಾಗಿ ಕೆಳಗಿಳಿಯುವ ಮೋಟಾರ್ ಮೆಟ್ಟಿಲು ತರಿಸಿದ. ಏರಿಸಿದ್ದಕ್ಕಿಂತ ಇಳಿಸಿದ್ದಕ್ಕೆ ಜಾಸ್ತಿ ಖರ್ಚಾಯಿತು.

ನಗು ಬರುತ್ತದೆ, ಆದರೆ ಈ ಎತ್ತರದ ಮುಂದೆ ನಡೆದುಕೊಂಡು ಹೋಗುವವರಿಗೆ ಬರೋದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ, ಐಐಎಚ್‌ಎಸ್ ಅಂತಾರೆ, 2023ರಲ್ಲಿ ಒಂದು ಅಧ್ಯಯನ ಹೊರತಂದಿತು. ಬಾನೆಟ್ 40 ಇಂಚಿಗಿಂತ ಎತ್ತರವಿರುವ ಗಾಡಿ ಪಾದಚಾರಿಗೆ ಬಡಿದರೆ, ಬಾನೆಟ್ 30 ಇಂಚಿನೊಳಗಿದ್ದು ಇಳಿಜಾರಾಗಿರುವ ಗಾಡಿಗಿಂತ ಸಾವಿನ ಸಂಭವ ಸುಮಾರು ಶೇಕಡಾ 45ರಷ್ಟು ಜಾಸ್ತಿ. ದೊಡ್ಡ ಪಿಕಪ್‌ಗಳು ಕಾರ್ಖಾನೆಯಿಂದ ಬರುವಾಗಲೇ ಈ 40 ಇಂಚನ್ನು ದಾಟಿರುತ್ತವೆ. ಅದರ ಮೇಲೆ ಇವರು ಬಿಲ್ಲೆ ಇಡುತ್ತಾರೆ. ಮುಂದೆ ಏನಿದೆ ಅಂತ ಕಾಣೋದಿಲ್ಲ ಅಂತ ಕಂಪನಿ ಮೂತಿಗೊಂದು ಕ್ಯಾಮೆರಾ ಕೊಡುತ್ತದೆ. ಎತ್ತರಕ್ಕೂ ನೀವೇ ದುಡ್ಡು ಕೊಡಿ, ಎತ್ತರದಿಂದ ಕಾಣದ್ದನ್ನು ನೋಡಲಿಕ್ಕೂ ನೀವೇ ಕೊಡಿ.

ಚಿಕ್ಕ ಪಿಕಪ್ ತಗೊಳ್ಳಬಹುದಲ್ಲ ಅಂತ ಕೇಳುತ್ತೀರಿ. ಅದಕ್ಕೆ ಕೋಳಿ ಅಡ್ಡ ಬಂದಿದೆ. ಅರವತ್ತರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದರು, ಸಿಟ್ಟಿಗೆ ಅಧ್ಯಕ್ಷ ಜಾನ್ಸನ್ ಹೊರಗಿನಿಂದ ಬರುವ ಸಣ್ಣ ಟ್ರಕ್ಕುಗಳಿಗೆ ಶೇಕಡಾ 25 ಸುಂಕ ಹಾಕಿದರು. 1964ರಲ್ಲಿ ಜಾರಿಗೆ ಬಂತು. ಕೋಳಿ ಜಗಳ ಯಾರಿಗೂ ನೆನಪಿಲ್ಲ, ಸುಂಕ ಮಾತ್ರ ಉಳಿದುಕೊಂಡಿತು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಟೊಯೊಟಾದ ಹೈಲಕ್ಸ್ ಪಿಕಪ್ ತಯಾರಾಗಿ ನಮ್ಮಲ್ಲಿ ಮಾರಾಟವಾಗುತ್ತದೆ, ಅಮೆರಿಕದ ಷೋರೂಮಿನಲ್ಲಿ ಅದು ಸಿಗೋದಿಲ್ಲ.

ಮೂಗಿನ ಹುಚ್ಚು ಮಿತಿ ಮೀರಿದ್ದು ಕೆರೊಲಿನಾ ಕಡೆ. ಅಲ್ಲಿನ ಹುಡುಗರು ಸಮ ಮಾಡೋದನ್ನು ದಾಟಿ, ಮೂಗನ್ನು ಆಕಾಶಕ್ಕೆ ಎತ್ತಿ ಹಿಂಭಾಗವನ್ನು ನೆಲಕ್ಕೆ ಕೂರಿಸಿದರು. ಹೆಸರು ಕೆರೊಲಿನಾ ಸ್ಕ್ವಾಟ್. ಓಡಿಸುವವನಿಗೆ ಬಾನೆಟ್ಟು, ಆಮೇಲೆ ಮೋಡ, ಇಷ್ಟೇ ಕಾಣೋದು. ಮರುಭೂಮಿ ರೇಸಿನ ಟ್ರಕ್ಕುಗಳ ಠೀವಿ ನೋಡಿ ಬಂದದ್ದು ಅಂತ ಹೇಳುತ್ತಾರೆ. ಆ ರೇಸು ಮರಳುಗಾಡಿನದು, ಇವರು ಹೋಗುತ್ತಿದ್ದದ್ದು ಬರ್ಗರ್ ಅಂಗಡಿಗೆ. ಕೊನೆಗೆ ನಾರ್ತ್ ಕೆರೊಲಿನಾ 2021ರ ಡಿಸೆಂಬರಿನಿಂದ ಕಾನೂನು ತಂದಿತು. ಮುಂದಿನ ಮಡ್‌ಗಾರ್ಡು ಹಿಂದಿನದಕ್ಕಿಂತ ನಾಲ್ಕಿಂಚು ಅಥವಾ ಜಾಸ್ತಿ ಎತ್ತರ ಇರಕೂಡದು. ವರ್ಜೀನಿಯಾ 2022ರಲ್ಲಿ, ಸೌತ್ ಕೆರೊಲಿನಾ 2023ರಲ್ಲಿ ಅದೇ ದಾರಿ ಹಿಡಿದವು. ಆರಿಸಿ ಕಳಿಸಿದ ಶಾಸಕರು ಸಭೆ ಸೇರಿ, ಗಂಭೀರವಾಗಿ ಚರ್ಚಿಸಿ, ಗಾಡಿಯ ಮೂಗು ಬಾಲಕ್ಕಿಂತ ಎಷ್ಟಿಂಚು ಮೇಲಿರಬಹುದು ಅಂತ ತೀರ್ಮಾನಿಸಿದರು. ಮೂಗು ಬಾಲ ಎರಡನ್ನೂ ಒಟ್ಟಿಗೆ ಏರಿಸಿದರೆ ಈ ಕಾನೂನು ಮಾತಾಡೋದಿಲ್ಲ. ಆಗ ಗಾಡಿ ಸಮಕ್ಕಿದೆ ನೋಡಿ. ಮುಂದೆ ಹೋಗುವ ಮಗುವಿನ ತಲೆ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವ ಟೇಪು ಅವರ ಹತ್ತಿರ ಇರಲಿಲ್ಲವೇನೋ.

ಮೊನ್ನೆ ಗೆಳೆಯನಿಗೆ ಹಿತ್ತಲಿಗೆ ಹಾಸುವ ಕಲ್ಲು ತರಬೇಕಾಗಿತ್ತು. ಅಂತೂ ಟ್ರಕ್ಕಿಗೆ ಒಂದು ಕೆಲಸ ಬಂತಲ್ಲ ಅಂತ ನನಗೇ ಖುಷಿಯಾಯಿತು. ಅವನು ಫೋನ್ ಮಾಡಿ ಒಂದು ಬಾಡಿಗೆ ಪಿಕಪ್ ತರಿಸಿದ. ಕಲ್ಲು ಹೇರಿದರೆ ಲೇಪ ಕಿತ್ತುಹೋಗುತ್ತದೆ, ಮುಚ್ಚಳ ಬಿಚ್ಚಬೇಕು, ಮೇಲಾಗಿ ಅಷ್ಟು ಎತ್ತರಕ್ಕೆ ಕಲ್ಲು ಎತ್ತಿ ಇಡೋದು ಯಾರು? ಬಾಡಿಗೆ ಗಾಡಿ ಕಂಪನಿ ಮಾಡಿದ ಹಾಗೇ ಇತ್ತು, ಮೂಗು ತಗ್ಗಿಸಿಕೊಂಡು. ಕಲ್ಲು ತುಂಬಿಸಿಕೊಂಡು ಅದನ್ನು ಓಡಿಸಲು ನಾನು ಕೂತೆ. ಕತ್ತಲಾಗಿತ್ತು. ಗೆಳೆಯ ಬೆಂಗಾವಲಿಗೆ ತನ್ನ ಟ್ರಕ್ಕಿನಲ್ಲಿ ಹಿಂದೆ ಬಂದ. ಎರಡಿಂಚು ಏರಿದ ಮೂಗಿನ ಹೆಡ್‌ಲೈಟು ನೇರ ನನ್ನ ಕನ್ನಡಿಗೆ ಬಿತ್ತು, ಕಣ್ಣು ಕುಕ್ಕಿ ಮುಂದಿನ ರಸ್ತೆಯೇ ಕಾಣಲಿಲ್ಲ. ಕನ್ನಡಿ ತಿರುಗಿಸಿಟ್ಟು ಫೋನ್ ಹಚ್ಚಿದೆ.

"ಲೈಟ್ ಡಿಮ್ ಮಾಡೋ ಮಾರಾಯಾ."

"ಡಿಮ್ಮಲ್ಲೇ ಇದೆ ಕಣೋ."