ಕಂಪ್ಯೂಟರಿನವನ ರಾಜಕೀಯ

ಕಂಪ್ಯೂಟರ್ ಬಲ್ಲವನಿಗೆ ರಾಜಕೀಯವೂ ತಿಳಿದಿರಬೇಕೆಂಬ ನಂಬಿಕೆ ಬೆಂಗಳೂರಿನಲ್ಲಿ ಬೇರೂರಿರುವಷ್ಟು ಬೇರೆ ಊರುಗಳಲ್ಲಿ ಇರಲಾರದು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ‘ಮಗಳಿಗೆ ಯಾವ ಲ್ಯಾಪ್‌ಟಾಪ್ ತೆಗೆದುಕೊಡಲಿ?’ ಎಂದು ಕೇಳುತ್ತಾರೆ. ನನ್ನ ಉತ್ತರ ಮುಗಿಯುವ ಮೊದಲೇ, ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ, ‘ಅದಿರಲಿ, ಈ ಸರ್ಕಾರ ಅವಧಿ ಪೂರೈಸುತ್ತದೆಯೇ?’ ಎಂದು ಮುಂದುವರಿಯುತ್ತಾರೆ. ಎರಡಕ್ಕೂ ನಾನು ಒಂದೇ ಧೈರ್ಯದಿಂದ ಉತ್ತರಿಸುತ್ತೇನೆ. ಮೊದಲನೆಯ ಉತ್ತರದ ಹಿಂದೆ ಹಲವು ರಾತ್ರಿಗಳ ಓದು, ಅಳತೆ, ಹೋಲಿಕೆಗಳಿರುತ್ತವೆ. ಎರಡನೆಯದರ ಹಿಂದೆ ಬೆಳಗಿನ ಪತ್ರಿಕೆಯ ಮುಖಪುಟ ಮತ್ತು ಹುಟ್ಟುಗುಣ ಬಿಟ್ಟರೆ ಬೇರೇನೂ ಇರುವುದಿಲ್ಲ. ನಮ್ಮ ಪಂಗಡದವರೆಲ್ಲ ಹೀಗೆಯೇ. ಪ್ರೊಸೆಸರಿನ ಶಾಖ ಎರಡು ಡಿಗ್ರಿ ಹೆಚ್ಚೆಂದು ಯಾರಾದರೂ ಹೇಳಿದರೆ ಕೋಣೆಯ ಉಷ್ಣಾಂಶ ಎಷ್ಟಿತ್ತೆಂದು ವಿಚಾರಿಸುವವರು, ಹಣದುಬ್ಬರದ ಮಾತು ಬಂದೊಡನೆ ಯಾವ ಅಂಕಿಯನ್ನೂ ಕೇಳದೆ ತೀರ್ಪು ಕೊಟ್ಟು ಕೈ ತೊಳೆಯಲು ಏಳುತ್ತಾರೆ.

ಆದರೂ ಕಂಪ್ಯೂಟರ್, ರಾಜಕೀಯ ಮತ್ತು ಗೇಮಿಂಗ್ ಈ ಮೂರರ ಬಗ್ಗೆಯೂ ಒಬ್ಬನೇ ಮಾತನಾಡುವುದರಲ್ಲಿ ಅಷ್ಟೇನೂ ಅಸಂಗತವಿಲ್ಲವೆಂಬುದು ನನ್ನ ವಾದ. ಮೂರೂ ನಿಯಮಗಳ ಮೇಲೆ ನಿಂತಿವೆ. ಮೂರರಲ್ಲೂ ಕೇಳಬೇಕಾದದ್ದು, ನಿಯಮ ಬರೆದವರು ಯಾರು, ಅದಕ್ಕೆ ಒಳಪಟ್ಟವನು ಅದನ್ನು ಬಿಚ್ಚಿ ನೋಡಬಹುದೇ ಎಂಬುದನ್ನು.

ನಮ್ಮಂಥವರಿಗೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯೇ ಅರ್ಥಶಾಸ್ತ್ರದ ಪಾಠಶಾಲೆ. 2025ರ ಕೊನೆಯ ತಿಂಗಳುಗಳಲ್ಲಿ ಕಂಪ್ಯೂಟರಿನ ಮೆಮೊರಿಯಾದ ರ‍್ಯಾಮ್ ದರ ಏರತೊಡಗಿದಾಗ ಅಲ್ಲಿನ ಅಂಗಡಿಯವರೊಬ್ಬರು, ‘ಸಾರ್, ಇದು ಈಗಿನ ರೇಟು, ಟೀ ಕುಡಿದು ಬಂದಮೇಲೆ ಇದೇ ಹೇಳ್ತೀನಿ ಅಂತ ಗ್ಯಾರಂಟಿ ಇಲ್ಲ’ ಎಂದು ಮೊದಲೇ ತಿಳಿಸಿದರು. ಕಾರಣವನ್ನೂ ಅವರೇ ವಿವರಿಸಿದರು, ಅದೂ ಟಿ.ವಿ. ಚರ್ಚೆಗಳಲ್ಲಿ ಕೂರುವ ಪಂಡಿತರಿಗಿಂತ ಅಚ್ಚುಕಟ್ಟಾಗಿ. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸುವವು ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ದುಬಾರಿ ಮೆಮೊರಿಯತ್ತ ಅವು ಹೊರಳಿದರೆ, ಮನೆಯಲ್ಲಿ ಕಂಪ್ಯೂಟರ್ ಜೋಡಿಸುವವನಿಗೆ ಉಳಿದ ಸರಕು ಕಡಿಮೆಯಾಗಿ ಬೆಲೆ ತಾನಾಗಿ ಏರುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಎಂಬ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಪೆಟ್ರೋಲಿಗೆ ಎರಡು ರೂಪಾಯಿ ಏರಿದರೆ ಬೀದಿಗಿಳಿಯುವ ಪಕ್ಷಗಳು ರ‍್ಯಾಮಿಗಾಗಿ ಪಂಜಿನ ಮೆರವಣಿಗೆ ಮಾಡಲಿಲ್ಲ. ಇದು ಯಾರ ಮತವನ್ನೂ ಕೇಳದೆ ನಡೆಯುವ ರಾಜಕೀಯ.

ಅದೇ ಜಾತಿಗೆ ಸೇರಿದ ಇನ್ನೊಂದು ಸಂಗತಿ, ಮೈಕ್ರೋಸಾಫ್ಟ್ ಕಂಪನಿಯ ಕಾರ್ಯಾಚರಣಾ ವ್ಯವಸ್ಥೆಯಾದ ವಿಂಡೋಸ್ 10ರ ನಿವೃತ್ತಿ. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಭದ್ರತೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆಯಿಲ್ಲದಿಲ್ಲ. ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆಯ ಏರ್ಪಾಡೂ ಇತ್ತು. ಆದರೆ ಚೆನ್ನಾಗಿ ಓಡುತ್ತಿರುವ ಯಂತ್ರಕ್ಕೆ ವಯಸ್ಸಾಯಿತೆಂದು ನಿರ್ಧರಿಸುವ ಅಧಿಕಾರ ಅದನ್ನು ಕೊಂಡವನ ಕೈಯಲ್ಲಿಲ್ಲ ಎಂಬುದನ್ನು ನಮ್ಮ ಮೇಲಿನ ಮನೆಯ ರಾಯರು ಒಪ್ಪಲಿಲ್ಲ. ಮಹಾನಗರ ಪಾಲಿಕೆಯ ಕಂದಾಯ ವಿಭಾಗದಲ್ಲಿ ದುಡಿದು ನಿವೃತ್ತರಾದ ಅವರು, ‘ನನಗೆ ಅರವತ್ತಾದಾಗ ಮನೆಗೆ ಕಳಿಸಿದ್ದು ಸೇವಾ ನಿಯಮದ ಪ್ರಕಾರ ಕಣ್ರೀ, ಆ ನಿಯಮ ಪುಸ್ತಕದಲ್ಲಿತ್ತು. ಇದು ಯಾವ ಪುಸ್ತಕದಲ್ಲಿದೆ?’ ಎಂದು ಕೇಳಿದರು. ಅವರ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಟ್ಟೆ. ಅವರಿಗೆ ಬೇಕಾಗಿದ್ದುದು ಪಿಂಚಣಿ ವಿವರ ನೋಡುವುದು, ಬಡಾವಣೆಯ ಸಂಘದ ಪರವಾಗಿ ಅರ್ಜಿ ಬರೆಯುವುದು, ಅಷ್ಟೆ. ಕನ್ನಡ ಟೈಪು ಮಾಡುವ ನುಡಿ ತಂತ್ರಾಂಶದಲ್ಲಿ ಬೆರಳಿಗೆ ಒಗ್ಗಿದ್ದ ಕೀಲಿಮಣೆ ವಿನ್ಯಾಸವೇ ಅಲ್ಲಿಯೂ ಸಿಕ್ಕಿದ್ದರಿಂದ ಅರ್ಜಿಗಳ ಪ್ರಮಾಣದಲ್ಲಿ ಯಾವ ಇಳಿಕೆಯೂ ಕಾಣಲಿಲ್ಲ.

ಚುನಾವಣೆ ಹತ್ತಿರ ಬಂದಾಗ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಮತಯಂತ್ರದ್ದು. ‘ನಿಮಗೆ ಗೊತ್ತಿರುತ್ತದೆ, ನಿಜ ಹೇಳಿ, ಹ್ಯಾಕ್ ಮಾಡಬಹುದೇ?’ ಎಂದು ಜನ ದನಿ ತಗ್ಗಿಸಿ ಕೇಳುವ ರೀತಿ ನೋಡಿದರೆ, ಮತಯಂತ್ರಗಳನ್ನು ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಇದೇ ಊರಿನ ಜಾಲಹಳ್ಳಿಯಲ್ಲಿರುವುದರಿಂದ ಅದರ ಬೀಗದ ಕೈ ನನ್ನ ಜೇಬಿನಲ್ಲೇ ಇರಬೇಕೆಂದು ಭಾವಿಸಿದಂತೆ ತೋರುತ್ತದೆ. ನಾನು ಅವರಿಗೆ ಚಿಪ್ಪಿನ ಕತೆ ಹೇಳುವುದಿಲ್ಲ, ಕೇರಳದ ಪರವೂರಿನ ಕತೆ ಹೇಳುತ್ತೇನೆ. 1982ರಲ್ಲಿ ಅಲ್ಲಿನ 50 ಮತಗಟ್ಟೆಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಮತಯಂತ್ರವನ್ನು ಬಳಸಲಾಯಿತು. 1984ರಲ್ಲಿ ಸುಪ್ರೀಂ ಕೋರ್ಟು ಅಲ್ಲೆಲ್ಲ ಮರುಮತದಾನಕ್ಕೆ ಆದೇಶಿಸಿತು. ಯಂತ್ರ ತಪ್ಪಾಗಿ ಎಣಿಸಿತೆಂದಲ್ಲ, ಯಂತ್ರದಲ್ಲಿ ಮತ ಹಾಕಬಹುದೆಂದು ಕಾನೂನು ಹೇಳಿರಲಿಲ್ಲವೆಂದು. ಕಾನೂನಿಗೆ ಆ ಮಾತು ಸೇರಿದ್ದು 1989ರಲ್ಲಿ. ಇಂದಿಗೂ ನನಗೆ ಯಂತ್ರಕ್ಕಿಂತ ಹೆಚ್ಚು ಭರವಸೆ ಕೊಡುವುದು ಅದರ ಸುತ್ತಲಿನ ಶಾಸ್ತ್ರ. ಮತದಾನಕ್ಕೆ ಮುಂಚೆ ಪಕ್ಷಗಳ ಏಜೆಂಟರ ಕಣ್ಣೆದುರು ಕನಿಷ್ಠ 50 ಮತಗಳ ಅಣಕು ಮತದಾನ, ಅರಗಿನ ಮೊಹರು, ಒತ್ತಿದ ಮತದ ಚೀಟಿ ಗಾಜಿನ ಹಿಂದೆ 7 ಸೆಕೆಂಡು ನಿಂತು ಕೆಳಗೆ ಬೀಳುವ ಏರ್ಪಾಡು, ಇವುಗಳಲ್ಲಿ ಯಾವುದಕ್ಕೂ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಪರಸ್ಪರ ನಂಬದ ನಾಲ್ಕು ಜನ ಒಂದೇ ಕೋಣೆಯಲ್ಲಿ ಎಚ್ಚರವಾಗಿದ್ದರೆ ಸಾಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಲು ಶಿಫಾರಸು ಮಾಡುವ ತೀರ್ಮಾನ ತೆಗೆದುಕೊಂಡಾಗ, ತಂತ್ರಜ್ಞಾನದ ರಾಜಧಾನಿ ಹಿಂದಕ್ಕೆ ನಡೆಯಿತೆಂದು ನನ್ನ ಗೆಳೆಯರು ಹಾಸ್ಯ ಮಾಡಿದರು. ನಾನು ನಗಲಿಲ್ಲ. ಕಾಗದವಾದರೂ ಯಂತ್ರವಾದರೂ ಆ ನಾಲ್ಕು ಜನ ನಿದ್ದೆ ಹೋದರೆ ಎರಡೂ ಒಂದೇ.

ಇನ್ನು ಗೇಮಿಂಗ್. ನಮ್ಮ ಹಿರಿಯರ ಕಣ್ಣಿಗೆ ಪರದೆಯ ಮೇಲೆ ನಡೆಯುವುದೆಲ್ಲ ಒಂದೇ ಆಟ, ಅದೂ ಪರೀಕ್ಷೆಯ ಅಂಕ ಕಳೆಯುವ ಆಟ. ಕಾನೂನು ಮಾಡುವವರ ಕಣ್ಣೂ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ಇತ್ತು. 2021ರಲ್ಲಿ ಕರ್ನಾಟಕವು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಮೊದಲ ಬಾರಿಗೆ ಮೂರು ಗೆರೆ ಎಳೆಯಿತು: ಸ್ಪರ್ಧೆಯಾಗಿ ಆಡುವ ಇ-ಕ್ರೀಡೆ ಬೇರೆ, ಕಾಲಕ್ಷೇಪದ ಆಟ ಬೇರೆ, ಹಣದ ಆಟ ಬೇರೆ; ಕೊನೆಯದಕ್ಕೆ ನಿಷೇಧ. ಈ ವಿಂಗಡಣೆ ನನಗೆ ಒಪ್ಪಿಗೆ. ಚೌಕಾಬಾರ ಆಡಿಸಿದ ಅಜ್ಜಿಯನ್ನೂ ಇಸ್ಪೀಟು ಕ್ಲಬ್ಬಿನ ಯಜಮಾನನನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವುದು ನ್ಯಾಯವಲ್ಲ.

ನನ್ನ ತಕರಾರು ಎರಡನೆಯ ಗೆರೆಯ ಬಗ್ಗೆ. ಕಾಲಕ್ಷೇಪದ ಆಟವೆಂದು ಉಚಿತವಾಗಿ ಸಿಗುವ ಎಷ್ಟೋ ಆಟಗಳಲ್ಲಿ ದುಡ್ಡು ಕೊಟ್ಟು ಪೆಟ್ಟಿಗೆ ಒಡೆಯುವ ವ್ಯವಸ್ಥೆಯಿದೆ. ಒಳಗೆ ಬಣ್ಣದ ಅಂಗಿ ಇದೆಯೋ ಬೂದಿಯಿದೆಯೋ ಒಡೆದಮೇಲೆಯೇ ಗೊತ್ತು. ಗೆದ್ದರೆ ಹಣ ಬರುವುದಿಲ್ಲವಾದ್ದರಿಂದ ಅದು ಜೂಜಲ್ಲವೆಂದು ವಾದಿಸುತ್ತಾರೆ. ಗೆದ್ದರೂ ಹಣ ಬಾರದ ಜೂಜು ಸಾಮಾನ್ಯ ಜೂಜಿಗಿಂತ ಉತ್ತಮ ಹೇಗಾಯಿತೋ ನನಗೆ ಅರ್ಥವಾಗಿಲ್ಲ. 2018ರಲ್ಲಿ ಬೆಲ್ಜಿಯಂ ದೇಶ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಘೋಷಿಸಿತು. ನಮ್ಮಲ್ಲಿ ಆ ಮಾತೆತ್ತಿದರೆ, ಜನ ನಮ್ಮನ್ನೇ ಆಟ ಬಿಡಿಸಲು ಬಂದ ಮೇಷ್ಟ್ರಂತೆ ನೋಡುತ್ತಾರೆ.

ನಾನು ಆಡುವುದು ಮಾತ್ರ ನಗರ ಕಟ್ಟುವ ಆಟಗಳನ್ನು. ಬೆಂಗಳೂರಿನಲ್ಲಿ ಇಡೀ ದಿನ ಟ್ರಾಫಿಕ್ಕಿನಲ್ಲಿ ಕುಳಿತು ಬಂದವನು ಸಂಜೆ ಮನೆಯಲ್ಲಿ ಇನ್ನೊಂದು ಊರಿನ ಟ್ರಾಫಿಕ್ ಸರಿಪಡಿಸಲು ಕೂರುವುದು ಹುಚ್ಚೆಂದು ಮನೆಯವಳ ಅಭಿಪ್ರಾಯ; ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಈ ಪ್ರಕಾರಕ್ಕೆ ಬುನಾದಿ ಹಾಕಿದ್ದು ವಿಲ್ ರೈಟ್ ರೂಪಿಸಿ 1989ರಲ್ಲಿ ಬಂದ ಸಿಮ್‌ಸಿಟಿ. ಅಲ್ಲಿ ನೀವೇ ಮೇಯರ್. ರಸ್ತೆ, ವಿದ್ಯುತ್ತು, ತೆರಿಗೆ, ಪೊಲೀಸು ಎಲ್ಲವೂ ನಿಮ್ಮ ಬೆರಳ ತುದಿಯಲ್ಲಿ. ಮೇಯರ್ ಕೆಲಸ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಶೇಕಡಾ ಎಷ್ಟು ಜನ ಹೌದೆಂದರು ಎಂಬುದೂ ಕಾಣುತ್ತದೆ. ಮುಕ್ತವಾಗಿ ಆಡುವಾಗ ಆ ಸಂಖ್ಯೆ ಎಷ್ಟೇ ಕುಸಿಯಲಿ, ಚುನಾವಣೆ ಬರುವುದಿಲ್ಲ. ಹಿಂದೆ ಇದು ಆಟದ ಸೌಲಭ್ಯವೆನ್ನಿಸುತ್ತಿತ್ತು. ಆಮೇಲೆ ನಮ್ಮ ಊರಿನಲ್ಲಿಯೇ 2015ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಮುಂದಿನ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕಾಲ ವರ್ಷಗಟ್ಟಲೆ ಎಳೆಯಿತು. 2025ರ ಸೆಪ್ಟೆಂಬರಿನಲ್ಲಿ ಇಡೀ ಊರಿನ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ಐದು ನಗರಪಾಲಿಕೆಗಳಾದಾಗ, ಒಂದು ಊರನ್ನು ಸರಿಪಡಿಸಲಾಗದ ಆಟಗಾರನು ಐದು ಊರುಗಳನ್ನು ಹೊಸದಾಗಿ ಶುರು ಮಾಡುವ ಪರಿಪಾಠ ನನಗೆ ಚೆನ್ನಾಗಿ ಪರಿಚಿತವೆನ್ನಿಸಿತು.

ಇಂಥ ಆಟಗಳು ಏನನ್ನು ಬಿಟ್ಟುಬಿಡುತ್ತವೆ ಎಂಬುದರಲ್ಲೇ ಅವುಗಳ ರಾಜಕೀಯವಿದೆ. 2013ರ ಸಿಮ್‌ಸಿಟಿಯ ಪ್ರಧಾನ ವಿನ್ಯಾಸಕ ಸ್ಟೋನ್ ಲೈಬ್ರಾಂಡ್, ನಿಜವಾದ ಪ್ರಮಾಣದಲ್ಲಿ ಪಾರ್ಕಿಂಗ್ ಜಾಗಗಳನ್ನಿಟ್ಟರೆ ಆಟ ನೀರಸವಾಗುತ್ತದೆಂದು ಅವೆಲ್ಲ ನೆಲದಡಿಯಲ್ಲಿವೆಯೆಂದು ಊಹಿಸಿಕೊಂಡದ್ದನ್ನು ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾರೆ. ಫಿನ್ಲೆಂಡಿನ ಕಂಪನಿಯೊಂದು 2015ರಲ್ಲಿ ತಂದ ಸಿಟೀಸ್: ಸ್ಕೈಲೈನ್ಸ್ ಆಟದಲ್ಲಿ ಬಹಳ ಹೊತ್ತು ಸಿಕ್ಕಿಹಾಕಿಕೊಂಡ ವಾಹನವು ಸುಮ್ಮನೆ ಮಾಯವಾಗುತ್ತದೆ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಇದಕ್ಕಿಂತ ದೊಡ್ಡ ಮೋಕ್ಷ ಬೇರೊಂದು ಇರಲಾರದು. ಆದರೆ ಮಾಯವಾಗದ ಕಾರು, ಅದನ್ನು ಪಕ್ಕದ ಮನೆಯ ಗೇಟಿನೆದುರು ನಿಲ್ಲಿಸುವ ಮಾಲೀಕ, ಗೇಟಿಗೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂದು ಬರೆಸಿ ಹೂಕುಂಡ ಜೋಡಿಸುವ ಮನೆಯೊಡೆಯ, ಹೂಕುಂಡ ಇಟ್ಟದ್ದು ಪಾದಚಾರಿ ಮಾರ್ಗದ ಮೇಲೆ ಎಂದು ದೂರು ಕೊಡುವ ಮೂರನೆಯವನು, ಈ ಮೂವರನ್ನೂ ಸಮಾಧಾನಪಡಿಸಿ ಮುಂದಿನ ಸಲ ಮೂವರಿಂದಲೂ ಮತ ಕೇಳಬೇಕಾದ ವಾರ್ಡಿನ ಸದಸ್ಯ, ಇವರಲ್ಲಿ ಒಬ್ಬರಿಗೂ ಆ ಪರದೆಯ ಮೇಲೆ ಸ್ಥಳವಿಲ್ಲ. ಬೀದಿಯ ಮಟ್ಟದ ರಾಜಕೀಯವೆಂದರೆ ಹೆಚ್ಚುಕಡಿಮೆ ಇವರಷ್ಟೇ.

ರಾಯರಿಗೆ ಇದು ನನಗಿಂತ ಬೇಗ ಕಂಡಿತು. ನಾನು ಒಂದು ರಸ್ತೆ ಅಗಲಿಸಲು ಸಾಲುಮನೆಗಳನ್ನು ಒಂದೇ ಗುಂಡಿ ಒತ್ತಿ ಉರುಳಿಸಿದ್ದನ್ನು ಹಿಂದೆ ನಿಂತು ನೋಡಿ, ‘ನೋಟಿಸ್ ಕೊಟ್ರೇನ್ರೀ? ಪರಿಹಾರ ದುಡ್ಡಲ್ಲೋ ಟಿಡಿಆರ್‌ನಲ್ಲೋ? ಒಬ್ಬನೂ ಸ್ಟೇ ತರಲಿಲ್ಲವೇ?’ ಎಂದು ಕೇಳಿದರು. (ಜಾಗ ಬಿಟ್ಟುಕೊಟ್ಟವರಿಗೆ ಹಣದ ಬದಲು ಬೇರೆಡೆ ಹೆಚ್ಚುವರಿಯಾಗಿ ಕಟ್ಟುವ ಹಕ್ಕು ಕೊಡುವುದೇ ಟಿಡಿಆರ್.) ತಮ್ಮ ಕಂಪ್ಯೂಟರಿಗೂ ಆ ಆಟವನ್ನು ಹಾಕಿಕೊಡಿ ಎಂದರು. ಅವರ ಹಳೆಯ ಯಂತ್ರಕ್ಕೆ ಈಗಿನ ಆಟಗಳ ಭಾರ ಹೊರಲು ಶಕ್ತಿಯಿಲ್ಲ. ಆದರೆ ಮೂಲ ಸಿಮ್‌ಸಿಟಿಯ ಕೋಡನ್ನು 2008ರಲ್ಲಿ ಮೈಕ್ರೋಪೊಲಿಸ್ ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರು. ಅದನ್ನು ಹಾಕಿಕೊಟ್ಟೆ. ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು, ಬೇಕಾದರೆ ತಿದ್ದಲೂಬಹುದು ಎಂದು ಹೇಳಿದಾಗ ಅವರು ಆಟವನ್ನು ಪಕ್ಕಕ್ಕಿಟ್ಟು, ತೆರಿಗೆಯ ನಿಯಮ ಎಲ್ಲಿದೆ ತೋರಿಸಿ ಎಂದು ಕನ್ನಡಕ ಹಾಕಿಕೊಂಡರು.

ಊರಿನ ಎಲ್ಲ ಕಟ್ಟಡಗಳಿಗೂ ಅಲ್ಲಿ ಒಂದೇ ದರ ಎಂಬುದು ಅವರಿಗೆ ಸಹಿಸದಾಯಿತು. ‘ಸ್ವಂತ ವಾಸಕ್ಕೂ ಬಾಡಿಗೆಗೂ ಒಂದೇ ತೆರಿಗೆಯೇ? ಎ ಇಂದ ಎಫ್‌ವರೆಗೆ ಪ್ರದೇಶಕ್ಕೊಂದು ದರದ ವಲಯ ಬೇಡವೇ? ಇದನ್ನು ಬರೆದವನು ಒಂದು ದಿನವಾದರೂ ಕಂದಾಯ ಕಟ್ಟಿದ್ದಾನೆಯೇ?’ ಎಂದರು. ತಿದ್ದಬೇಕಾದ ಅಂಶಗಳ ಪಟ್ಟಿಯನ್ನು ನುಡಿ ಕೀಲಿಮಣೆಯಲ್ಲಿ ತಾವೇ ಟೈಪು ಮಾಡಿ, ದಿನಾಂಕ ಹಾಕಿ, ಸಹಿಯೊಡನೆ ನನಗೆ ಕೊಟ್ಟಿದ್ದಾರೆ. ಮೊದಲ ಎರಡು ಅಂಶಗಳನ್ನು ಹೇಗೋ ಸೇರಿಸುತ್ತಿದ್ದೇನೆ. ಏಪ್ರಿಲ್ ತಿಂಗಳಲ್ಲೇ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿ ಬೇಕೆಂಬ ಮೂರನೆಯ ಅಂಶದ ಬಗ್ಗೆ ಮಾತ್ರ ನಮ್ಮಿಬ್ಬರ ನಡುವೆ ಮಾತುಕತೆ ಮುಂದುವರಿದಿದೆ.