ಎರಡೇ ಗಂಟೆ ಕೆಲಸವಂತೆ!

ಮಾಜ್ದಾದ ಎರಡು ಸೀಟಿನ ಓಪನ್ ಕಾರು, ಹಳೇ ಎಂಎಕ್ಸ್-5ರ ಯಾವ ರಿಪೇರಿ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೂ ವಿಡಿಯೊಗಳಲ್ಲಿ ಸಿಗೋ ಮೊದಲ ಮಾತು ಒಂದೇ. ಎರಡೇ ಗಂಟೆ, ಮನೆ ಮುಂದೆಯೇ ಆಗುತ್ತೆ, ಬಿಚ್ಚಿ ಹಾಕಿದ್ರೆ ಮುಗೀತು. ಶಾಕ್ ಅಬ್ಸಾರ್ಬರ್ ಎರಡು ಗಂಟೆ. ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್‌ಗಳು ಅರ್ಧ ದಿನ. ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ ಕಿಟ್ಟು ಒಂದು ಶನಿವಾರ, ಒಂದು ಭಾನುವಾರ. ಯಾರ ಗಡಿಯಾರದಲ್ಲಿ ಸ್ವಾಮಿ?

ದೀಪಗಳು ಮೇಲೆದ್ದು ಬರುವ ಮೊದಲ ತಲೆಮಾರಿನ ಕಾರಿನ ಮಾತು ಇದು. 1989ರಲ್ಲಿ ಷಿಕಾಗೋ ಆಟೊ ಶೋದಲ್ಲಿ ಹೊರಬಂದದ್ದು, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಾಟವಾದದ್ದು, ಅಮೆರಿಕದವರು ಮಿಯಾಟ ಅನ್ನೋದು. 1997ರ ಹೊತ್ತಿಗೆ ಈ ಆಕಾರ ನಿಂತೇ ಹೋಯಿತು. ಅಂದರೆ ಇವುಗಳಲ್ಲಿ ಕಿರಿಯ ಕಾರಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಈ ವಿಡಿಯೊಗಳಲ್ಲಿ ಕಾರಿನ ಅಡಿಭಾಗ ಗಮನಿಸಿದ್ದೀರಾ? ಬೋಲ್ಟಿನ ತಲೆ ಇನ್ನೂ ಮಿನುಗ್ತಿರುತ್ತೆ. ಕ್ಯಾಲಿಫೋರ್ನಿಯಾದ ಒಣ ಕಾರು ಅದು. ಬ್ರಿಟನ್ನಿನಲ್ಲಿ ಪ್ರತಿ ಚಳಿಗಾಲವೂ ಉಪ್ಪು ಸುರಿದ ರಸ್ತೆಯಲ್ಲಿ ಓಡಿದ ಕಾರಿಗೆ ಅದೇ ವಿಡಿಯೊ ತೋರಿಸಿ "ಎರಡು ಗಂಟೆ" ಅನ್ನೋದಕ್ಕೆ ಎಷ್ಟು ಧೈರ್ಯ ಬೇಕು!

ಸಸ್ಪೆನ್ಷನ್ನಿನಿಂದಲೇ ಶುರು ಮಾಡೋಣ, ಹೊಟ್ಟೆಯುರಿ ಅಲ್ಲೇ ಜಾಸ್ತಿ. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್, ಅಂದರೆ ಚಕ್ರ ಹಿಡಿಯೋಕೆ ಮೇಲೊಂದು, ಕೆಳಗೊಂದು ತೋಳು. ಪ್ರತಿ ಚಕ್ರದ ಕೆಳಗಿನ ತೋಳಿಗೆ ಎರಡೆರಡು ಅಲೈನ್‌ಮೆಂಟ್ ಬೋಲ್ಟು, ಒಟ್ಟು ಎಂಟು. ಚಕ್ರದ ಕೋನ ಹೊಂದಿಸೋದು ಇವುಗಳನ್ನು ತಿರುಗಿಸಿಯೇ. ಬೋಲ್ಟಿನ ಮೈ ಬುಷ್ಷಿನ ನಡುವಿನ ಕಬ್ಬಿಣದ ಕೊಳವೆಯೊಳಗೆ ಹಾದು ಹೋಗುತ್ತೆ. ನೀರು, ಉಪ್ಪು ಒಳಗೆ ಇಳಿದು ಬೋಲ್ಟು, ಕೊಳವೆ ಎರಡೂ ತುಕ್ಕು ಹಿಡಿದು ಒಂದೇ ಆಗಿಬಿಡುತ್ತವೆ. ನಟ್ಟು ಸಲೀಸಾಗಿ ಬರುತ್ತೆ, ಅದೇ ಮೋಸ. ನಟ್ಟು ಬಂತು ಅಂತ ಖುಷಿಪಟ್ಟು ಬೋಲ್ಟಿನ ತಲೆ ತಿರುಗಿಸಿದರೆ ತಲೆ ತಿರುಗುತ್ತೆ, ಜೊತೆಗೆ ಬುಷ್ಷಿನ ರಬ್ಬರೂ ತಿರುಚಿಕೊಳ್ಳುತ್ತೆ, ಬಿಟ್ಟ ಕೂಡಲೇ ಎರಡೂ ವಾಪಸ್ಸು ಬಂದು ಮೊದಲಿನ ಜಾಗದಲ್ಲೇ ನಿಲ್ಲುತ್ತವೆ. ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ಡಿನ ತುದಿ ಅಗಲವಾಗಿ, ಆಮೇಲೆ ಅದು ಬ್ರ್ಯಾಕೆಟ್ಟಿನ ತೂತಿನಲ್ಲಿ ಹಾಯೋದೇ ಇಲ್ಲ. ಹೊಡೆಯಲೇಬೇಕಾದರೆ ನಟ್ಟನ್ನು ತುದಿಯ ಸಮಕ್ಕೆ ಹಾಕಿ ಅದರ ಮೇಲೆ ಹೊಡೀರಿ. ಗ್ಯಾಸ್ ಟಾರ್ಚ್ ಹಿಡಿದರೆ ರಬ್ಬರಿಗೆ ಬೆಂಕಿ ಹತ್ತುತ್ತೆ. ಬುಷ್ ಹೇಗೂ ಬದಲಾಗೋದಾದರೆ ಸರಿ, ಉಳಿಸಿಕೊಳ್ಳಬೇಕಿದ್ದರೆ ಆ ದಾರಿಯೂ ಮುಚ್ಚಿತು.

ಕೊನೆಗೆ ಉಳಿಯೋದು ಕರೆಂಟ್ ಗರಗಸ. ಬುಷ್ಷಿಗೂ ಸಬ್‌ಫ್ರೇಮಿನ (ತೋಳುಗಳು ಕೂರುವ ಚೌಕಟ್ಟಿನ) ಬ್ರ್ಯಾಕೆಟ್ಟಿಗೂ ನಡುವಿನ ಸಣ್ಣ ಸಂದಿಯಲ್ಲಿ ಬ್ಲೇಡ್ ತೂರಿಸಿ, ಬೋಲ್ಟಿನ ಎರಡೂ ಕಡೆ ಕೊಯ್ಯಬೇಕು. ಎಂಟೂ ಹಿಡಿದಿದ್ದರೆ ಹದಿನಾರು ಕೊಯ್ತ. ಬ್ಲೇಡು ಬ್ರ್ಯಾಕೆಟ್ಟಿನ ಕಡೆ ವಾಲಿದರೆ ಸಬ್‌ಫ್ರೇಮಿಗೇ ಗಾಯ. ಬ್ಲೇಡ್ ಲೋಹಕ್ಕೆ ಅಂತಲೇ ಮಾಡಿದ್ದಾಗಿರಲಿ, ಒಂದೆರಡಲ್ಲ, ಒಂದು ಕಟ್ಟು ತಂದಿಟ್ಟುಕೊಳ್ಳಿ. ಹೊಸ ಬೋಲ್ಟು, ಕ್ಯಾಮ್ ವಾಷರ್, ನಟ್ಟು ಎಲ್ಲ ಮೊದಲೇ ತರಿಸಿರಬೇಕು, ಇಲ್ಲದಿದ್ದರೆ ಕಾರು ಜ್ಯಾಕ್ ಸ್ಟ್ಯಾಂಡಿನ ಮೇಲೇ ವಾರಗಟ್ಟಲೆ ಕೂರುತ್ತೆ. ಹೊಸ ಬೋಲ್ಟಿನ ಮೈಗೆ ತಾಮ್ರದ ಗ್ರೀಸು ಬಳಿಯದೆ ಹಾಕಬೇಡಿ. ಇಷ್ಟಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ಖರ್ಚನ್ನೂ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಇನ್ನೊಂದು ವಿಷಯ, ಇದನ್ನು ಹೇಳದ ವಿಡಿಯೊ ಮಾಡಿದವರನ್ನು ಏನನ್ನಬೇಕೋ ಗೊತ್ತಿಲ್ಲ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗ ಕೊನೆಯ ಬಿಗಿ ಬಿಗಿಯಬಾರದು. ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತೆ. ಬೋಲ್ಟು ಬಿಗಿದಾಗ ಒಳಗಿನ ಕೊಳವೆ ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತೆ. ನೇತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ, ಕಾರೂ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಲ್ಲುತ್ತೆ. ಬಿಚ್ಚುವ ಮುಂಚೆ ಹಬ್ಬಿನ (ಚಕ್ರ ಕೂರುವ ಭಾಗದ) ನಡುವಿನಿಂದ ಚಕ್ರದ ಮೇಲಿನ ತಗಡಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಹಾಕಿದ ಮೇಲೆ ಹಬ್ಬಿನ ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆಗೆ ಎತ್ತಿ, ಆಗ ಬಿಗಿ ಮಾಡಿ. ತಗ್ಗಿನ ಸ್ಪ್ರಿಂಗ್ ಹಾಕಿದ್ದರೆ ಹೊಸ ಎತ್ತರದ ಅಳತೆಗೆ. ಪಾಲಿಯುರಿಥೇನ್ ಬುಷ್ಷಿಗೆ ಈ ತಲೆನೋವಿಲ್ಲ, ಅದು ಕೊಳವೆಯ ಸುತ್ತ ತಿರುಗುತ್ತೆ. ಆದರೆ ಗ್ರೀಸ್ ಒಣಗಿದ ದಿನದಿಂದ ಪ್ರತಿ ಹಂಪಿಗೂ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತೆ.

ಹಿಂದಿನ ಬ್ರೇಕ್ ಪ್ಯಾಡು. "ಪಿಸ್ಟನ್ ಒಳಗೆ ಒತ್ತಿ, ಹೊಸ ಪ್ಯಾಡ್ ಹಾಕಿ." ಒತ್ತಿ ನೋಡಿ! ಈ ಕಾರಿನಲ್ಲಿ ಪ್ಯಾಡುಗಳನ್ನು ಒತ್ತುವ ಹಿಂದಿನ ಕ್ಯಾಲಿಪರಿನೊಳಗೇ ಹ್ಯಾಂಡ್‌ಬ್ರೇಕಿನ ಸ್ಕ್ರೂ ಇದೆ. ಕ್ಲ್ಯಾಂಪ್ ಹಾಕಿ ಒತ್ತಿದರೆ ಪಿಸ್ಟನ್ ಹೋಗಲ್ಲ, ಜೋರು ಮಾಡಿದರೆ ಒಳಗಿನದು ಮುರಿಯುತ್ತೆ. ಬೇರೆ ಕಾರುಗಳಿಗೆ ಬಳಸುವ ಪಿಸ್ಟನ್ ತಿರುಗಿಸುವ ಟೂಲೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಕ್ಯಾಲಿಪರಿನ ಹಿಂಬದಿಯಲ್ಲಿ ಮುಚ್ಚಳದ ಹಾಗಿರುವ ಒಂದು ಬೋಲ್ಟಿದೆ. ಅದನ್ನು ತೆಗೆದು ಒಳಗೆ 4 ಮಿ.ಮೀ. ಅಲೆನ್ ಕೀ ಹಾಕಿ ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತೆ. ಹೊಸ ಪ್ಯಾಡ್ ಕೂರಿಸಿ, ಚಕ್ರ ಕಚ್ಚಿ ನಿಲ್ಲುವವರೆಗೆ ಬಲಕ್ಕೆ ತಿರುಗಿಸಿ, ಅಲ್ಲಿಂದ ಮೂರನೇ ಒಂದು ಸುತ್ತು ವಾಪಸ್ಸು. ಅಷ್ಟೇ ಕೆಲಸ. ಆದರೆ ಅದನ್ನು ಹೇಳಬೇಕಲ್ಲ? ಈ ಹೊಂದಾಣಿಕೆ ಮಾಡದೆ ಕ್ಯಾಬಿನ್ನಿನಲ್ಲಿ ಕೇಬಲ್ ಎಳೆದು ಎಳೆದು ಬಿಗಿ ಮಾಡಿದ ಕಾರುಗಳು ಬೇಕಾದಷ್ಟಿವೆ. ಹ್ಯಾಂಡ್‌ಬ್ರೇಕ್ ಹಿಡಿಯೋದೂ ಇಲ್ಲ, ಪೂರ್ತಿ ಬಿಡೋದೂ ಇಲ್ಲ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸೇ ಬೇಕು. ಕೈಗೆ ಸಿಕ್ಕ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ನು ಜಾಮ್ ಆಗುತ್ತೆ, ಒಂದೇ ಕಡೆಯ ಪ್ಯಾಡು ಸವೆಯುತ್ತೆ.

ಗೇರ್‌ಬಾಕ್ಸ್ ಆಯಿಲ್ ಬದಲಿಸೋಕೆ ಹೊರಟವರಿಗೆ ಒಂದೇ ಮಾತು: ತುಂಬುವ ಪ್ಲಗ್ ಬಿಚ್ಚಿದ ಮೇಲೇ ಖಾಲಿ ಮಾಡುವ ಪ್ಲಗ್ ಮುಟ್ಟಿ. ಮೊದಲು ಖಾಲಿ ಮಾಡಿ, ಆಮೇಲೆ ಮೇಲಿನ ಪ್ಲಗ್ ಜಪ್ಪಯ್ಯ ಅಂದರೂ ಬರದೆ ಹೋದರೆ ಆಯಿಲ್ ಇಲ್ಲದ ಕಾರು ಜಾಗ ಬಿಟ್ಟು ಕದಲೋ ಹಾಗಿಲ್ಲ. ಹಿಡಿಸೋದು 2 ಲೀಟರ್, 75ಡಬ್ಲ್ಯೂ-90 ಗ್ರೇಡಿನ ಆಯಿಲ್. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೂ ಇದೇ ಕ್ರಮ.

ಈಗ ಇಂಜಿನ್ನಿಗೆ ಬನ್ನಿ. ಗೇರ್‌ಬಾಕ್ಸಿನ ಮುಂದಿನ ಗಂಟೆ ಆಕಾರದ ಕವಚದಿಂದ ಆಯಿಲ್ ತೊಟ್ಟಿಕ್ಕುತ್ತೆ ಅಂತ ಹೇಳಿ ನೋಡಿ, "ರಿಯರ್ ಮೇನ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅನ್ನೋರು ಸಾಲಾಗಿ ಬರ್ತಾರೆ. ಇಂಜಿನ್ನಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲ್ ಅದು. ಇಳಿಸೋಕೆ ಮೊದಲು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹಿಂಭಾಗಕ್ಕೆ, ಕ್ಯಾಬಿನ್ನಿನ ಮುಂದಿನ ಗೋಡೆಯಾದ ಫೈರ್‌ವಾಲಿನ ಪಕ್ಕ ಕೈ ಹಾಕಿ. ಅಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಇದೆ, ಅದಕ್ಕೊಂದು ಓ-ರಿಂಗ್, ಅಂದರೆ ರಬ್ಬರ್ ಉಂಗುರ. ವರ್ಷಗಟ್ಟಲೆ ಬಿಸಿಗೆ ಅದು ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ, ಆಯಿಲ್ ಇಂಜಿನ್ನಿನ ಬೆನ್ನ ಮೇಲೆ ಇಳಿದು ಸರಿಯಾಗಿ ಮೇನ್ ಸೀಲ್ ಲೀಕಾದ ಹಾಗೇ ಕಾಣುತ್ತೆ. ಓ-ರಿಂಗಿನ ಬೆಲೆ ಚಿಲ್ಲರೆ ಕಾಸು. ಸೆನ್ಸರ್ ತೆಗೆಯುವ ಮುನ್ನ ಅದು ಕೂತ ಜಾಗಕ್ಕೆ ಗೀರು ಹಾಕಿ ಗುರುತು ಮಾಡಿ. ವಾಪಸ್ಸು ಹಾಕಿದ ಮೇಲೆ ಡಯಾಗ್ನೋಸ್ಟಿಕ್ ಬಾಕ್ಸಿನಲ್ಲಿ ಟೆನ್ ಮತ್ತು ಗ್ರೌಂಡ್ ಎಂಬ ಎರಡು ತೂತುಗಳಿಗೆ ತಂತಿ ಜೋಡಿಸಿ, ಐಡಲ್ 850 ಆರ್‌ಪಿಎಂ ಸುತ್ತ ಇರುವಾಗ ಟೈಮಿಂಗ್ ಲೈಟ್ ಹಿಡಿದು 10 ಡಿಗ್ರಿಗೆ ನಿಲ್ಲಿಸಿ. ತಂತಿ ಹಾಕದೆ ನೋಡಿದ ಟೈಮಿಂಗಿಗೆ ಅರ್ಥವೇ ಇಲ್ಲ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ತನ್ನಿಷ್ಟದ ಹಾಗೆ ಹಿಂದೆ ಮುಂದೆ ಮಾಡ್ತಾ ಇರುತ್ತೆ.

ಟೈಮಿಂಗ್ ಬೆಲ್ಟಿನ ಬಗ್ಗೆ ಧೈರ್ಯ ಹೇಳೋರು ಜಾಸ್ತಿ, ಯಾಕಂದರೆ ಬೆಲ್ಟ್ ಕಡಿದರೂ ಈ ಇಂಜಿನ್ನುಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗಲ್ಲ. ನಿಜ. ಆದರೆ 1.6 ಲೀಟರಿನ ಮೊದಮೊದಲ ಕಾರುಗಳಲ್ಲಿ ಬೇರೆಯದೇ ಮಾರಿ ಕೂತಿದೆ. 1991ರವರೆಗಿನ ಎಷ್ಟೋ ಇಂಜಿನ್ನುಗಳಿಗೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಶಾಫ್ಟಿನ, ಮೂತಿ ಗಿಡ್ಡ. ಮೂತಿಯ ಬೋಲ್ಟು ಸಡಿಲವಾದರೆ ಪುಲ್ಲಿ ಜಾರದ ಹಾಗೆ ಹಿಡಿಯುವ ಲೋಹದ ಕೀಲಿ ತಾನು ಕೂರುವ ತೋಡನ್ನು ಅಗಲ ಮಾಡುತ್ತೆ, ಟೈಮಿಂಗ್ ಹಿಂದೆ ಸರಿಯುತ್ತೆ, ಇಂಜಿನ್ನಿನ ಶಕ್ತಿ ಮೆಲ್ಲಗೆ ಕುಗ್ಗುತ್ತೆ, ಕೊನೆಗೆ ಪುಲ್ಲಿ ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತೆ. ಹೊಸ ಕ್ರ್ಯಾಂಕು, ಇಲ್ಲವೇ ಬೇರೆ ಇಂಜಿನ್ನು! ಗುರುತು ಹಿಡಿಯೋದು ಸುಲಭ: ಪುಲ್ಲಿಯ ನಡುಭಾಗದಲ್ಲಿ ನಾಲ್ಕು ಸಂದಿ ಇದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ. ಉದ್ದದ್ದಕ್ಕೆ ಬಿಗಿ 157ರಿಂದ 166 ನ್ಯೂಟನ್ ಮೀಟರ್. ಗಿಡ್ಡದ್ದಕ್ಕೆ ಸುಮಾರು 108ರಿಂದ 117. ಮುಂದಿನ ಕ್ರ್ಯಾಂಕ್ ಸೀಲು ಬದಲಿಸಬೇಕಾದರೆ ಈ ಬೋಲ್ಟು ಬಿಚ್ಚಲೇಬೇಕು. ಹಾಗಿರುವಾಗ "ಇಂಪ್ಯಾಕ್ಟ್ ಗನ್ನಿನಲ್ಲಿ ಎರಡು ಸಲ ಟರ್ರ್ ಅನಿಸಿ" ಅಂತ ತೋರಿಸೋರಿಗೆ ನಾಚಿಕೆಯಾಗಬೇಕು. ಹೊಸ ಕೀಲಿ, ಹೊಸ ಬೋಲ್ಟು, ಟಾರ್ಕ್ ರೆಂಚು. ಇದರಲ್ಲಿ ರಾಜಿಯಿಲ್ಲ.

ಬೆಲ್ಟ್ ಹಾಕುವಾಗ ಎರಡು ಕ್ಯಾಮ್ ಪುಲ್ಲಿಗಳ ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಎಣಿಸಬೇಕು. ಟೆನ್ಷನರ್ ಬಿಗಿಯುವ ಮುನ್ನ ಕ್ರ್ಯಾಂಕನ್ನು ಬಲಕ್ಕೆ ಒಂದು ಪೂರ್ತಿ ಸುತ್ತು ಮತ್ತೆ ಆರರಲ್ಲಿ ಐದು ಭಾಗ ತಿರುಗಿಸಿ, ಸ್ಪ್ರಿಂಗೇ ಬೆಲ್ಟನ್ನು ಎಳೆಯಲಿ. ಹೇಗೂ ಬಿಚ್ಚಿದ್ದೀರಿ, ವಾಟರ್ ಪಂಪನ್ನೂ ಬದಲಿಸಿಬಿಡಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಭಾಗ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿದಿದೆ, ಒಡೆಯುವ ತನಕ ಕಾಯಬೇಡಿ.

ಇನ್ನು ತುಕ್ಕು. ಬಾಗಿಲಿನ ಕೆಳಗಿನ ಸಿಲ್ಲು, ಹಿಂದಿನ ಚಕ್ರದ ಮುಂಭಾಗ. ಈ ಕಾರಿನ ಸಾವು ಬರೋದು ಅಲ್ಲಿಂದ. ಮಡಚುವ ಚಾವಣಿಯ ಮೇಲೆ ಬಿದ್ದ ಮಳೆನೀರು ಹಿಂಬದಿಯ ಪಟ್ಟಿಯಲ್ಲಿ ಕೂಡಿ, ಸೀಟ್ ಬೆಲ್ಟಿನ ಕಂಬಗಳ ಹಿಂದಿನ ಎರಡು ಕೊಳವೆಗಳಲ್ಲಿ ಇಳಿದು ಚಕ್ರದ ಮುಂದೆ ಹೊರಗೆ ಹೋಗಬೇಕು. ಎಲೆ, ಮಣ್ಣು ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಕಾರಿನೊಳಕ್ಕೇ ತಿರುಗುತ್ತೆ, ಸಿಲ್ಲಿನ ಒಳಗೂ ಇಳಿದು ನಿಲ್ಲುತ್ತೆ. ಹೊರಗೆ ಪೇಂಟು ಫಳಫಳ, ಒಳಗೆ ಲೊಟ್ಟೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಂಥ ಮೆತ್ತನೆಯದನ್ನೇ ಮೇಲಿನಿಂದ ಬಿಡಿ. ಗಟ್ಟಿ ಕಬ್ಬಿಣದ ತಂತಿ ಹಾಕಿದರೆ ಕೊಳವೆಯೇ ಕಳಚಿ ಬಿದ್ದು ಇದ್ದ ತೊಂದರೆ ಎರಡಾಗುತ್ತೆ. ಮೇಲಿನಿಂದ ನೀರು ಸುರಿದರೆ ಕೆಳಗೆ ಧಾರೆಯಾಗಿ ಬರಬೇಕು, ತೊಟ್ಟಿಕ್ಕಿದರೆ ಸಾಲದು. ಹತ್ತು ನಿಮಿಷದ ಕೆಲಸ. ಈ ಒಂದು ಕೆಲಸ ನಿಜಕ್ಕೂ ಹತ್ತೇ ನಿಮಿಷ, ಅದನ್ನು ಮಾತ್ರ ಯಾರೂ ಮಾಡಲ್ಲ!

ಮಾಡದೆ ಬಿಟ್ಟಿದ್ದರ ಮೇಲೆ ತೆಳು ತಗಡು ಮುಚ್ಚಿ, ಫಿಲ್ಲರ್ ಮೆತ್ತಿ, ಕಪ್ಪು ಅಂಡರ್‌ಸೀಲ್ ಬಳಿದು ಮಾರುವವರಿದ್ದಾರೆ. ಬ್ರಿಟನ್ನಿನ ಎಂಒಟಿ ಅನ್ನೋ ವಾರ್ಷಿಕ ತಪಾಸಣೆಯಲ್ಲಿ ಸೀಟ್ ಬೆಲ್ಟು, ಸಸ್ಪೆನ್ಷನ್ ಕೂರುವ ಜಾಗಗಳ 30 ಸೆಂ.ಮೀ. ಒಳಗೆ ಬಲ ಕಳೆದುಕೊಂಡ ತುಕ್ಕಿದ್ದರೆ ಕಾರು ಫೇಲು. ತೇಪೆ ಹಾಕಿದರೂ ಸುತ್ತ ಎಲ್ಲೂ ಬಿಡದೆ ವೆಲ್ಡ್ ಇರಬೇಕು, ಚುಕ್ಕೆ ಚುಕ್ಕೆ ಇಟ್ಟರೆ ನಡೆಯಲ್ಲ. ತೇಪೆ ತಗಡು ಮಾರುವವರು ಹೇಳೋದು ಹೊರಗಿನ ಕೆಲಸ ಮಾತ್ರ. ಹೊರಗಿನದು ಕೊಯ್ದಾಗ ಒಳಗಿನ ಸಿಲ್ಲು ಕೈಗೆ ಪುಡಿಯಾಗಿ ಬಂದರೆ? ಕಾರ್ಪೆಟ್, ಸೀಟು, ಬೆಲ್ಟು ಎಲ್ಲ ಹೊರಗೆ. ಪೆಟ್ರೋಲ್ ಟ್ಯಾಂಕು ಸೀಟುಗಳ ಹಿಂದೆಯೇ ಇದೆ ಅನ್ನೋದು ವೆಲ್ಡಿಂಗ್ ಶುರು ಮಾಡುವ ಮೊದಲೇ ನೆನಪಿರಲಿ. ಬ್ಯಾಟರಿ ಡಿಕ್ಕಿಯಲ್ಲಿದೆ, ಕನೆಕ್ಷನ್ ತೆಗೀರಿ. ಹಾಗೇ ಒಮ್ಮೆ ಅದರ ಗಾಳಿ ಕೊಳವೆ ಜೋಡಿಸಿದೆಯಾ ನೋಡಿ. ಅಗ್ಗದ ಮಾಮೂಲಿ ಬ್ಯಾಟರಿ ಕೂರಿಸಿ ಡಿಕ್ಕಿಯ ತಳವನ್ನು ಆಸಿಡ್ಡಿಗೆ ತಿನ್ನಿಸಿದ ಕಾರುಗಳಿಗೂ ಬರಗಾಲವಿಲ್ಲ.

ಟರ್ಬೊ ಕಿಟ್ಟಿನವರು ಎಲ್ಲರಿಗಿಂತ ಒಂದು ಕೈ ಮೇಲು. "ಪೂರ್ತಿ ಬೋಲ್ಟ್ ಆನ್" ಅಂತೆ, ಅಂದರೆ ಕೊರೆಯದೆ, ಕೊಯ್ಯದೆ ಬೋಲ್ಟ್ ಬಿಗಿದರೆ ಸಾಕಂತೆ. ಟರ್ಬೊದಿಂದ ಆಯಿಲ್ ವಾಪಸ್ಸು ಇಳಿಯೋದು ಬರೀ ಇಳಿಜಾರಿನ ಬಲದಲ್ಲಿ, ಪೈಪು ಸಂಪಿಗೆ (ಇಂಜಿನ್ ಕೆಳಗಿನ ಆಯಿಲ್ ತಟ್ಟೆಗೆ) ಸೇರಬೇಕಾದ್ದು ಆಯಿಲ್ ಮಟ್ಟದ ಮೇಲೆ. ಅಂದರೆ ಸಂಪಿಗೆ ತೂತು ಕೊರೆದು ಥ್ರೆಡ್ ಹಾಕಬೇಕು. ಸಂಪು ಬಿಚ್ಚೋಣ ಅಂದರೆ ಈ ಕಾರಿನಲ್ಲಿ ಮುಂದಿನ ಸಬ್‌ಫ್ರೇಮ್ ಇಳಿಸಬೇಕು, ಇಲ್ಲವೇ ಇಂಜಿನ್ನೇ ಎತ್ತಬೇಕು. ಇದ್ದಲ್ಲೇ ಕೊರೆಯೋರು ಡ್ರಿಲ್ ಬಿಟ್ಟಿಗೆ, ಟ್ಯಾಪಿಗೆ ದಪ್ಪಗೆ ಗ್ರೀಸ್ ಮೆತ್ತಿ, ಎರಡು ಸುತ್ತಿಗೊಮ್ಮೆ ಹೊರಗೆಳೆದು ಒರೆಸಿ, ಕೊನೆಗೆ ಅಗ್ಗದ ಆಯಿಲ್ ಸುರಿದು ತೊಳೆದು ಚೆಲ್ತಾರೆ. ಒಂದು ಲೋಹದ ಚೂರು ಒಳಗುಳಿದು ಪಂಪಿಗೆ ಸೇರಿದರೆ ಏನಾಗುತ್ತೆ ಅಂತ ಕಿಟ್ಟಿನ ಹಾಳೆಯಲ್ಲಿ ಬರೆದಿರಲ್ಲ. 1.6ರ ಗಾಳಿ ಅಳೆಯುವ ಮೀಟರ್ ಕದ ತೆರೆದುಕೊಳ್ಳುವ ಥರದ್ದು. ಕದ ಪೂರ್ತಿ ತೆರೆದ ಮೇಲೆ ಎಷ್ಟು ಗಾಳಿ ಹೆಚ್ಚಾದರೂ ಇಸಿಯುಗೆ ಗೊತ್ತಾಗಲ್ಲ, ಪೆಟ್ರೋಲ್ ಸಾಲದೆ ಪಿಸ್ಟನ್ ಸುಡುತ್ತೆ. ಹಾಗಾಗಿ ಬೇರೆ ಇಸಿಯು, ದೊಡ್ಡ ಇಂಜೆಕ್ಟರ್, ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್. ಆಮೇಲೆ ಕ್ಲಚ್ಚು ಜಾರುತ್ತೆ. ಕ್ಲಚ್ ಬದಲಿಸಿದರೆ 1.6ರ 6 ಇಂಚಿನ ಡಿಫರೆನ್ಷಿಯಲ್ ಕೈ ಎತ್ತುತ್ತೆ. 1.8 ಲೀಟರ್ ಕಾರಿನ 7 ಇಂಚಿನದ್ದು ಹಾಕಬೇಕಾದರೆ ಅದರದೇ ಡ್ರೈವ್‌ಶಾಫ್ಟು, ಪ್ರೊಪೆಲ್ಲರ್ ಶಾಫ್ಟು ಜೊತೆಗೆ ಬರಬೇಕು, ಇರೋದನ್ನು ಅದಕ್ಕೆ ಜೋಡಿಸೋಕಾಗಲ್ಲ.

ಕಿಟ್ಟು ಮಾರುವವರೇ, ವಿಡಿಯೊ ಮಾಡುವವರೇ, ಗಂಟೆ ಲೆಕ್ಕ ನಿಮ್ಮ ಹತ್ತಿರವೇ ಇರಲಿ. ಯಾವ ಬೋಲ್ಟು ಹಿಡಿದಿರುತ್ತೆ, ಅದು ಮುರಿದರೆ ಯಾವ ಪಾರ್ಟು ಮೊದಲೇ ತರಿಸಿರಬೇಕು, ಎಷ್ಟು ಬಿಗಿ, ಚಕ್ರ ನೆಲದಲ್ಲಿರಬೇಕೋ ಗಾಳಿಯಲ್ಲೋ, ಇಷ್ಟು ಬರೆಯಿರಿ. ಆ ಒಣ ಕಾರನ್ನು ಬಿಟ್ಟು, ಒಂದು ಸಲ ಸ್ಕಾಟ್ಲೆಂಡಿನ ಅಬರ್ಡೀನಿನ ಕಾರಿನ ಕೆಳಗೆ ಮಲಗಿ ಕ್ಯಾಮೆರಾ ಆನ್ ಮಾಡಿ.